ಕಿರೀಟದವನು ಹೊದಿಸಿದ ನಿಲುವಂಗಿ

ನಮ್ಮ ಅಪಾರ್ಟ್‌ಮೆಂಟ್ ಇರುವುದು ಜೆ.ಪಿ. ನಗರ 7ನೇ ಹಂತದಲ್ಲಿ. 48 ಮನೆ, ಎರಡು ಲಿಫ್ಟ್, ಒಂದು ಗೇಟು. ಬ್ಯಾಂಕಿನಿಂದ ನಿವೃತ್ತನಾದವನಿಗೆ ಲೆಕ್ಕ ಗೊತ್ತಿರುತ್ತದೆ, ಹೊತ್ತೂ ಇರುತ್ತದೆ ಎಂಬ ನಂಬಿಕೆಯ ಮೇಲೆ ನನ್ನನ್ನು ಸಂಘದ ಕಾರ್ಯದರ್ಶಿಯಾಗಿ ಮಾಡಿದ್ದಾರೆ. ಅಧಿಕಾರ ವಹಿಸಿಕೊಂಡ ಮೊದಲ ತಿಂಗಳಲ್ಲೇ ಸೆಕ್ಯುರಿಟಿಯವರಿಗೆಂದು ಹನ್ನೊಂದು ನಿಯಮ ಬರೆದು, ಲ್ಯಾಮಿನೇಟ್ ಮಾಡಿಸಿ ಗೇಟಿನ ಪಕ್ಕದ ಗೂಡಿನಲ್ಲಿ ತೂಗುಹಾಕಿದೆ. ಆರನೆಯದು ಹೀಗಿತ್ತು: ಬದಲಿ ಆಳು ಬಾರದೆ ಗೇಟು ಬಿಟ್ಟು ಹೋಗತಕ್ಕದ್ದಲ್ಲ, ಹೋದಲ್ಲಿ ಒಂದು ದಿನದ ಸಂಬಳ ಕಡಿತ. 'ತಕ್ಕದ್ದಲ್ಲ' ಎಂದು ಬರೆದಾಗ ಒಳಗೊಳಗೇ ಸಂತೋಷವಾಗಿತ್ತು. ಮೂವತ್ತೈದು ವರ್ಷ ಸುತ್ತೋಲೆ ಓದಿದವನ ಕೈಗೆ ಸುತ್ತೋಲೆ ಬರೆಯುವ ಅವಕಾಶ ಸಿಕ್ಕಿತ್ತು.

ಕಳೆದ ಜುಲೈನ ಒಂದು ಸಂಜೆ, ಏಳು ಗಂಟೆ ಹೊತ್ತಿಗೆ, ಎರಡನೇ ಮಹಡಿಯ ಅಜ್ಜಿಯೊಬ್ಬರು ಪಾರ್ಕಿಂಗಿನ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಕೂಗು ಕೇಳಿಸಿದ್ದು ಗೇಟಿನಲ್ಲಿದ್ದ ಕಾವಲುಗಾರನಿಗೆ. ರಾಯಚೂರು ಕಡೆಯವನು, ಇಪ್ಪತ್ತೈದು ದಾಟಿರಲಾರದು. ಓಡಿಹೋಗಿ ಎತ್ತಿ ಕೂರಿಸಿ, ಆಟೋ ಕರೆದು, ಮನೆಗೆಲಸದ ಹೆಂಗಸಿನ ಜೊತೆ ತಾನೂ ಹತ್ತಿ ಆಸ್ಪತ್ರೆಯವರೆಗೆ ಹೋಗಿ ಬಂದ. ಒಟ್ಟು ನಲವತ್ತು ನಿಮಿಷ. ಅಷ್ಟರಲ್ಲಿ ಯಾರೋ ಒಳಗೆ ಬಂದು ಮೂರನೇ ಮಹಡಿಯ ಹುಡುಗನ ಗೇರ್ ಸೈಕಲ್ ಹತ್ತಿಕೊಂಡು ಹೋದರು. ಮಾರನೆಯ ದಿನ ಸಿ.ಸಿ. ಟಿ.ವಿ. ನೋಡಿದೆವು. ಕ್ಯಾಮೆರಾ ಇರುವುದು ಗೇಟಿಗೆ ಮಾತ್ರ. ಅಜ್ಜಿ ಬಿದ್ದದ್ದೂ ಅದರಲ್ಲಿಲ್ಲ, ಇವನು ಎತ್ತಿದ್ದೂ ಇಲ್ಲ. ನಲವತ್ತು ನಿಮಿಷ ಖಾಲಿ ಕುರ್ಚಿ, ನಡುವೆ ಒಂದು ಸೈಕಲ್.

ಸಮಿತಿ ಸೇರಿತು. ಅವನನ್ನೂ ಕರೆಸಿದೆವು. "ಗೇಟ್ ಬಿಡಬಾರದಂತ ಗೊತ್ತಿತ್ರಿ ಸರ್. ಅಮ್ಮಾರು ಒದರಾಕತ್ತಿದ್ರು. ಕೇಳಿಸಿಕೊಂತ ಹ್ಯಾಂಗ ಕುಂಡ್ರಲಿ?" ಎಂದ. ಯಾರೂ ಉತ್ತರ ಕೊಡಲಿಲ್ಲ. ಅವನು ಹೊರಗೆ ಹೋದ ಮೇಲೆ ಮಾತು ನಡೆದು, ಸೈಕಲಿನ ಬೆಲೆ ವಸೂಲು ಮಾಡುವುದು ಬೇಡ, ಆರನೇ ನಿಯಮದಂತೆ ಒಂದು ದಿನದ ಸಂಬಳ ಹಿಡಿದರೆ ಸಾಕು ಎಂದು ತೀರ್ಮಾನವಾಯಿತು. 550 ರೂಪಾಯಿ. ಏಜೆನ್ಸಿಗೆ ಬರೆದ ಪತ್ರಕ್ಕೆ ಸಹಿ ಹಾಕಿದವನು ನಾನು.

ಆಗ ನನಗೆ ಹಾನ್ ಫೇ ಯಾರೆಂದು ಗೊತ್ತಿರಲಿಲ್ಲ. ರಾಜ್ಯಶಾಸ್ತ್ರ ಓದುವ ಮಗಳು ಈ ಸಂಗತಿಯನ್ನು ಕೇಳಿ, "ಅಪ್ಪ, ನೀನು ಲೀಗಲಿಸ್ಟ್" ಎಂದು ನಕ್ಕು, ಬರ್ಟನ್ ವಾಟ್ಸನ್ ಇಂಗ್ಲಿಷಿಗೆ ತಂದ ತೆಳ್ಳಗಿನ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಹೋದಳು. ಅದರಲ್ಲಿ ಎರಡು ಹಿಡಿಕೆಗಳ ಬಗೆಗಿನ ಅಧ್ಯಾಯದಲ್ಲಿ ಈ ಕಥೆ ಸಿಕ್ಕಿತು.

ಹಾನ್ ರಾಜ್ಯದ ದೊರೆ ಜಾವೋ ಒಮ್ಮೆ ಕುಡಿದು ಮಲಗಿದ. ಅವನ ಕಿರೀಟ ನೋಡಿಕೊಳ್ಳುವ ಸೇವಕ, ದೊರೆಗೆ ಚಳಿಯಾದೀತೆಂದು ನಿಲುವಂಗಿ ತಂದು ಹೊದಿಸಿದ. ಎಚ್ಚರವಾದ ದೊರೆಗೆ ಸಂತೋಷವಾಯಿತು, ಹೊದಿಸಿದ್ದು ಯಾರೆಂದು ಕೇಳಿದ. ಕಿರೀಟದವನು ಎಂದರು. ದೊರೆ ಇಬ್ಬರನ್ನೂ ಶಿಕ್ಷಿಸಿದ. ನಿಲುವಂಗಿಯವನನ್ನು ತನ್ನ ಕೆಲಸ ಮಾಡದ್ದಕ್ಕೆ, ಕಿರೀಟದವನನ್ನು ತನ್ನದಲ್ಲದ ಕೆಲಸ ಮಾಡಿದ್ದಕ್ಕೆ. ಚಳಿ ಅವನಿಗೂ ಆಗುತ್ತಿತ್ತು. ಆದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವುದು ಚಳಿಗಿಂತ ಕೆಟ್ಟದ್ದು ಎಂಬುದು ಅವನ ಎಣಿಕೆ, ಅದನ್ನು ಮೆಚ್ಚಿ ಹೇಳುತ್ತಾನೆ ಹಾನ್ ಫೇ.

ಪುಸ್ತಕ ಮುಚ್ಚಿಟ್ಟೆ. ಎರಡು ಸಾವಿರದ ಇನ್ನೂರು ವರ್ಷದ ಹಿಂದಿನ ಚೀನಾದಲ್ಲಿ ಯಾರೋ ನಮ್ಮ ಸಮಿತಿಯ ನಡವಳಿ ಬರೆದಿಟ್ಟ ಹಾಗಿತ್ತು. ಮೊದಲು ಅನ್ನಿಸಿದ್ದು ಇದು ಕ್ರೂರ ಎಂದು. ಆಮೇಲೆ, ಬ್ಯಾಂಕಿನವನಾದ್ದರಿಂದ, ಅಷ್ಟು ಸುಲಭವಲ್ಲ ಎಂದೂ ಅನ್ನಿಸಿತು.

ಬ್ಯಾಂಕಿನಲ್ಲಿ ಒಬ್ಬ ನಮೂದಿಸಿದ ವೋಚರನ್ನು ಅವನೇ ಪಾಸ್ ಮಾಡುವಂತಿಲ್ಲ, ಇನ್ನೊಬ್ಬ ಮಾಡಬೇಕು. ನಾನು ಕೆಲಸ ಮಾಡಿದ ಶಾಖೆಯೊಂದರಲ್ಲಿ ತುಂಬ ಒಳ್ಳೆಯ ಅಧಿಕಾರಿಯೊಬ್ಬರಿದ್ದರು. ಕೌಂಟರಿನಲ್ಲಿ ಪಿಂಚಣಿದಾರರು ಕಾದು ನಿಲ್ಲಬಾರದೆಂದು, ಊಟದ ಹೊತ್ತಿನಲ್ಲಿ ತಮ್ಮ ಪಾಸ್‌ವರ್ಡನ್ನು ಕೆಳಗಿನ ಹುಡುಗನಿಗೆ ಕೊಟ್ಟು ಹೋಗುತ್ತಿದ್ದರು. ಕರುಣೆಯೇ ಅದು, ಬೇರೇನೂ ಅಲ್ಲ. ಆ ಕರುಣೆಯ ಬಾಗಿಲಿನಿಂದಲೇ ಎರಡು ವರ್ಷ ಹಣ ಹೊರಗೆ ಹೋಯಿತು, ಯಾವ ಪಿಂಚಣಿದಾರರಿಗಾಗಿ ಅವರು ಮರುಗಿದರೋ ಅವರ ಖಾತೆಗಳಿಂದಲೇ. ವಿಚಾರಣೆಯ ದಿನ ಆ ಅಧಿಕಾರಿ ಹೇಳಿದ್ದು ಒಂದೇ ಮಾತು: "ನಾನು ಒಳ್ಳೇದಕ್ಕೆ ಮಾಡಿದೆ." ಎಲ್ಲರಿಗೂ ಅದು ಗೊತ್ತಿತ್ತು. ಕಿರೀಟದವನನ್ನು ದೊರೆ ಯಾಕೆ ಬಿಡಲಿಲ್ಲವೆಂದು ನನಗೆ ಅರ್ಥವಾಗುವುದು ಇಲ್ಲಿ. ಮಲಗಿದ ದೊರೆಯ ಹತ್ತಿರ ಪ್ರೀತಿಯ ಹೆಸರಿನಲ್ಲಿ ಯಾರು ಬೇಕಾದರೂ ಬರಬಹುದೆಂದಾದರೆ, ನಾಳೆ ಬರುವವನ ಕೈಯಲ್ಲಿ ನಿಲುವಂಗಿಯೇ ಇರುತ್ತದೆಂದು ಏನು ನಂಬಿಕೆ?

ಹಾನ್ ಫೇ ಸಣ್ಣ ಜಾಗದಿಂದ ಬಂದವನಲ್ಲ. ಹಾನ್ ರಾಜ್ಯದ ರಾಜಮನೆತನದವನೇ. ಏಳು ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕಾಲ, ಅದರಲ್ಲಿ ಅವನ ರಾಜ್ಯ ಸಣ್ಣದು, ಬಡವಾದದ್ದು. ಅವನಿಗೆ ಉಗ್ಗು. ಮಾತಿನಲ್ಲಿ ಹೇಳಲಾಗದ್ದನ್ನು ಬರೆದ. ಗುರು ಶುನ್‌ಜಿ, ಮನುಷ್ಯನ ಸ್ವಭಾವ ಕೆಟ್ಟದ್ದೆಂದು ಕಲಿಸಿದವನು. ಆದರೆ ಶುನ್‌ಜಿಗೆ ಓದಿನಿಂದ, ವಿಧಿಗಳಿಂದ ಮನುಷ್ಯನನ್ನು ತಿದ್ದಬಹುದೆಂಬ ಭರವಸೆಯಿತ್ತು. ಶಿಷ್ಯನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನ ಲೆಕ್ಕ ಬೇರೆ: ಇಡೀ ರಾಜ್ಯದಲ್ಲಿ ನಿಜವಾಗಿ ಪ್ರಾಮಾಣಿಕರು ಹತ್ತು ಜನ ಸಿಕ್ಕಾರು, ತುಂಬಬೇಕಾದ ಹುದ್ದೆಗಳೋ ನೂರಾರು. ಆದ್ದರಿಂದ ಒಳ್ಳೆಯವರನ್ನು ಹುಡುಕುತ್ತಾ ಕೂರಬೇಡ, ಸಾಧಾರಣ ಮನುಷ್ಯನೂ ತಪ್ಪು ಮಾಡಲಾಗದಂಥ ಕಟ್ಟಳೆ ಮಾಡು. ಅದಕ್ಕೆ ಎರಡೇ ಹಿಡಿಕೆ ಸಾಕು, ಶಿಕ್ಷೆ ಮತ್ತು ಬಹುಮಾನ.

ಇದನ್ನು ಸಿನಿಕತನ ಎಂದು ತಳ್ಳಿಹಾಕುವವರು ಅವನ ಇನ್ನೊಂದು ಮಾತನ್ನು ಗಮನಿಸಬೇಕು. ಗಾಡಿ ಮಾಡುವವನು ಜನ ಸಿರಿವಂತರಾಗಲಿ ಎಂದು ಬಯಸುತ್ತಾನೆ, ಶವಪೆಟ್ಟಿಗೆ ಮಾಡುವವನು ಜನ ಬೇಗ ಸಾಯಲಿ ಎಂದು. ಹಾಗೆಂದು ಮೊದಲನೆಯವನು ದಯಾಳು, ಎರಡನೆಯವನು ಪಾಪಿ ಅಲ್ಲ. ಇಬ್ಬರೂ ವ್ಯಾಪಾರ ಮಾಡುತ್ತಿದ್ದಾರೆ ಅಷ್ಟೆ. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಆಸ್ಪತ್ರೆಗಳನ್ನು ನೋಡುತ್ತಾ ಬಸ್ಸಿನಲ್ಲಿ ಹೋಗುವಾಗ ನನಗೆ ಈ ಮಾತು ನೆನಪಾಗುತ್ತದೆ. ಯಾರನ್ನೂ ದ್ವೇಷಿಸದೆ ಯಾರನ್ನೂ ನಂಬದಿರುವುದು ಹೇಗೆಂದು ಅವನಿಂದ ಕಲಿಯಬಹುದು.

ಈಗ ನನ್ನದೇ ಒಂದು ವಿಷಯ ಹೇಳಬೇಕು. 2023ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಬಾಕಿ ಇದ್ದ ಟ್ರಾಫಿಕ್ ದಂಡಗಳಿಗೆ ಅರ್ಧ ರಿಯಾಯಿತಿ ಕೊಟ್ಟಿತು. ಬೆಂಗಳೂರಿನವರು ಆಷಾಢದ ಸೀರೆ ಮಾರಾಟಕ್ಕೆ ನಿಲ್ಲುವ ಹಾಗೆ ಸಾಲಿನಲ್ಲಿ ನಿಂತರು. ನೂರು ಕೋಟಿಗೂ ಹೆಚ್ಚು ಹಣ ಬಂತು. ನಾನೂ ಕಟ್ಟಿದೆ. ಜಯನಗರದ ಅಶೋಕ ಪಿಲ್ಲರ್ ಹತ್ತಿರ ಎರಡು ಸಲ ಸಿಗ್ನಲ್ ಹಾರಿದ್ದು, ಹೆಲ್ಮೆಟ್ ಇಲ್ಲದೆ ಹೋದದ್ದು ಒಂದು ಸಲ. 1,500 ರೂಪಾಯಿ ಆಗಬೇಕಿದ್ದದ್ದು 750ಕ್ಕೆ ಮುಗಿಯಿತು. ಉಳಿದ ಹಣದಲ್ಲಿ 4ನೇ ಬ್ಲಾಕಿನಲ್ಲಿ ಮನೆಯವರೆಲ್ಲ ದೋಸೆ ತಿಂದೆವು. 2025ರಲ್ಲಿ ಅದೇ ರಿಯಾಯಿತಿ ಮತ್ತೆ ಬಂತು. ಕಾದವನಿಗೆ ಲಾಭ, ಸಿಕ್ಕಿಬಿದ್ದ ದಿನವೇ ಪೂರ್ತಿ ಕಟ್ಟಿದವನು ಪೆದ್ದ.

ಹಾನ್ ಫೇ ಇದನ್ನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ. ಬುದ್ಧಿವಂತ ದೊರೆ ಯೋಗ್ಯತೆಯಿಲ್ಲದೆ ಬಹುಮಾನ ಕೊಡುವುದಿಲ್ಲ, ವಿಧಿಸಿದ ಶಿಕ್ಷೆಯನ್ನು ಮನ್ನಿಸುವುದಿಲ್ಲ ಎಂಬುದು ಅವನಲ್ಲಿ ಮತ್ತೆ ಮತ್ತೆ ಬರುವ ಮಾತು. ಒಮ್ಮೆ ಮನ್ನಿಸಿದರೆ ಜನ ಕಾನೂನನ್ನು ಓದುವುದು ಬಿಟ್ಟು ಮನ್ನಣೆಯ ದಿನಾಂಕ ಕಾಯುತ್ತಾರೆ. ಅಕ್ರಮ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಬಿ.ಟಿ.ಎಂ. ಲೇಔಟಿನ ಯಾವುದೇ ಅಡ್ಡರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿ, ಮಹಡಿಗಳು ಇನ್ನೂ ಕಾಯುತ್ತಾ ನಿಂತಿವೆ.

ತಮಾಷೆಯೆಂದರೆ, ನಾನು ಸಿಗ್ನಲ್ ಹಾರಿದ ಜಾಗಕ್ಕೆ ಹೆಸರು ಕೊಟ್ಟವನು ಹಾನ್ ಫೇಯ ಸಮಕಾಲೀನ. ಹಾನ್ ಫೇ ಸತ್ತದ್ದು ಕ್ರಿ.ಪೂ. 233ರಲ್ಲಿ, ಅಶೋಕ ಸತ್ತದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪಟ್ಟಕ್ಕೆ ಬಂದು ಇಪ್ಪತ್ತಾರು ವರ್ಷವಾಗುವುದರೊಳಗೆ ಇಪ್ಪತ್ತೈದು ಸಲ ಸೆರೆಯಾಳುಗಳನ್ನು ಬಿಡುಗಡೆ ಮಾಡಿದ್ದೇನೆಂದು ಅಶೋಕ ಕಂಬದ ಮೇಲೆ ಕೆತ್ತಿಸಿದ್ದಾನೆ. ಮರಣದಂಡನೆಯಾದವರಿಗೆ ಮೂರು ದಿನದ ಬಿಡುವು ಕೊಟ್ಟದ್ದನ್ನೂ ಕೆತ್ತಿಸಿದ್ದಾನೆ. ಒಬ್ಬ ಮನ್ನಿಸಿದ್ದನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಬರೆಸಿದ, ಇನ್ನೊಬ್ಬ ಮನ್ನಿಸಬಾರದೆಂದು ಬಿದಿರ ಪಟ್ಟಿಯಲ್ಲಿ ಬರೆದ. ಆದರೆ ನನಗೆ ಸಿಕ್ಕ 750 ರೂಪಾಯಿ ಅಶೋಕನ ಕರುಣೆಯ ಕಡೆಯದೂ ಅಲ್ಲ. ಅದು ಬಾಕಿ ವಸೂಲಿ.

ನನ್ನನ್ನು ನಿಜವಾಗಿ ಕಾಡಿದ್ದು ಈ ಎರಡು ಮೊತ್ತಗಳು. 550 ಮತ್ತು 750. ಅಜ್ಜಿಯನ್ನು ಎತ್ತಲು ಹೋದವನಿಂದ 550 ಪೂರ್ತಿ ಹಿಡಿದದ್ದು ನಾನು. ಆತುರಕ್ಕೆ ಕೆಂಪು ದೀಪ ದಾಟಿದ ನನಗೆ 750 ವಿನಾಯಿತಿ. ಕಾನೂನು ದೊಡ್ಡವರ ಮುಖ ನೋಡಬಾರದು ಎಂದು ಬರೆದವನ ಕಣ್ಣಿನಲ್ಲಿ ನೋಡಿದರೆ, ನಮ್ಮ ಗೇಟಿನ ತಪ್ಪು ನಿಯಮ ಕಠಿಣವಾದದ್ದಲ್ಲ. ಅದು ಕಠಿಣವಾಗಿದ್ದದ್ದು ಒಂದು ಕಡೆಗೆ ಮಾತ್ರ. ಲ್ಯಾಮಿನೇಟ್ ಆದ ಹನ್ನೊಂದು ನಿಯಮಗಳಲ್ಲಿ ಮನೆ ಮಾಲೀಕರಿಗೆ ಅನ್ವಯಿಸುವುದು ಒಂದೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಗೇಟು ತೆರೆದಿಟ್ಟು ಕಾರು ಹೊರಗೆ ನಿಲ್ಲಿಸಿ ಫೋನಿನಲ್ಲಿ ಮಾತಾಡುವವರಿಗೆ ಯಾವ ದಂಡವೂ ಇಲ್ಲ.

ಈ ಕಡೆಯ ಸಡಿಲ ಹೊಸದಲ್ಲ. ಹಾನ್ ಫೇಗಿಂತ ನೂರು ವರ್ಷ ಹಿಂದೆ ಚಿನ್ ರಾಜ್ಯದಲ್ಲಿ ಶಾಂಗ್ ಯಾಂಗ್ ಎಂಬ ಮಂತ್ರಿ ಇಂಥದ್ದೇ ಕಾನೂನು ತಂದ. ಯುವರಾಜ ಅದನ್ನು ಮುರಿದ. ಪಟ್ಟಕ್ಕೆ ಬರುವವನನ್ನು ಶಿಕ್ಷಿಸುವಂತಿಲ್ಲ. ಅವನ ಗುರುಗಳನ್ನು ಶಿಕ್ಷಿಸಿದರು, ಒಬ್ಬನ ಮುಖದ ಮೇಲೆ ಹಚ್ಚೆ ಹೊಡೆದರು. ಆ ಯುವರಾಜ ದೊರೆಯಾದ ಮೇಲೆ ಶಾಂಗ್ ಯಾಂಗ್ ತಲೆಮರೆಸಿಕೊಂಡು ಓಡಬೇಕಾಯಿತು. ಗಡಿಯ ಛತ್ರದಲ್ಲಿ ರಾತ್ರಿ ತಂಗಲು ಜಾಗ ಕೇಳಿದರೆ, ಗುರುತಿನ ಚೀಟಿಯಿಲ್ಲದವರಿಗೆ ಜಾಗ ಕೊಟ್ಟರೆ ಶಾಂಗ್ ಪ್ರಭುವಿನ ಕಾನೂನಿನಂತೆ ನನಗೆ ಶಿಕ್ಷೆಯಾಗುತ್ತದೆ ಎಂದ ಛತ್ರದವನು. ಎದುರಿಗೆ ನಿಂತವನೇ ಆ ಪ್ರಭು ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನು ಮಾಡುತ್ತಿದ್ದನೋ.

ಹಾನ್ ಫೇಯ ಕೊನೆಯೂ ಹೀಗೇ. ಅವನ ಬರಹ ಓದಿ ಮರುಳಾದವನು ಅವನ ಸ್ವಂತ ದೊರೆಯಲ್ಲ, ಶತ್ರು ರಾಜ್ಯ ಚಿನ್‌ನ ದೊರೆ, ಮುಂದೆ ಚೀನಾವನ್ನು ಒಂದುಗೂಡಿಸಿ ಮೊದಲ ಸಾಮ್ರಾಟನಾದವನು. ಹಾನ್ ಫೇ ದೂತನಾಗಿ ಅಲ್ಲಿಗೆ ಹೋದ. ಅಲ್ಲಿ ಮಂತ್ರಿಯಾಗಿದ್ದ ಲೀ ಸಿ, ಅದೇ ಗುರುವಿನ ಬಳಿ ಜೊತೆಗೆ ಓದಿದವನು. ಇವನು ಎಷ್ಟಾದರೂ ತನ್ನ ರಾಜ್ಯದ ಕಡೆಯವನೇ ಎಂದು ದೊರೆಯ ಕಿವಿಗೆ ಹಾಕಿ ಸೆರೆಗೆ ತಳ್ಳಿಸಿ, ವಿಷ ಕಳಿಸಿದ. ದೊರೆ ಮನಸ್ಸು ಬದಲಿಸಿ ಬಿಡಲು ಹೇಳಿದಾಗ ಹೊತ್ತು ಮೀರಿತ್ತು. ಅಂದರೆ ಮನ್ನಣೆ ಬಂತು, ತಡವಾಗಿ. ದೊರೆಯ ಮನವೊಲಿಸುವುದು ಎಷ್ಟು ಕಷ್ಟ ಎಂದು ಒಂದು ಇಡೀ ಅಧ್ಯಾಯ ಬರೆದವನಿಗೆ ತನ್ನ ಜೀವ ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಇತಿಹಾಸಕಾರ ಸಿಮಾ ಚಿಯಾನ್ ಮರುಗುತ್ತಾನೆ.

ಸಮಿತಿಯ ಸಭೆಯಲ್ಲಿ ಇನ್ನೊಂದು ನಡೆದಿತ್ತು, ಅದನ್ನು ಹೇಳದಿದ್ದರೆ ಅರ್ಧ ಹೇಳಿದಂತೆ. ಬಿದ್ದ ಅಜ್ಜಿಯ ಮಗ ನಮ್ಮ ಸಮಿತಿಯ ಸದಸ್ಯರೇ. ಸಂಬಳ ಹಿಡಿಯುವುದಕ್ಕೆ ಅವರೂ ಕೈ ಎತ್ತಿದರು. ಆಮೇಲೆ ಕೆಳಗಿಳಿದು ಹೋಗಿ ಕಾವಲುಗಾರನ ಜೇಬಿಗೆ ಸಾವಿರ ರೂಪಾಯಿ ತುರುಕಿದರಂತೆ. ಕೇಳಿದ ಮಗಳು, "ಕಪಟಿ" ಎಂದಳು. ನನಗೆ ಹಾಗನ್ನಿಸಲಿಲ್ಲ. ಸಭೆಯಲ್ಲಿ ಅವರು ಸದಸ್ಯ, ಗೇಟಿನಲ್ಲಿ ಮಗ. ಹಾನ್ ಫೇ ಹೇಳುವ ಕಥೆಯೊಂದರಲ್ಲಿ ತಂದೆ ಕುರಿ ಕದ್ದದ್ದನ್ನು ಮಗ ಅಧಿಕಾರಿಗೆ ತಿಳಿಸುತ್ತಾನೆ, ಅಧಿಕಾರಿ ಆ ಮಗನನ್ನೇ ಕೊಲ್ಲಿಸುತ್ತಾನೆ. ದೊರೆಗೆ ನೇರವಾದವನು ತಂದೆಗೆ ವಕ್ರ, ತಂದೆಗೆ ನೇರವಾದವನು ದೊರೆಗೆ ವಕ್ರ, ಎರಡನ್ನೂ ಮೆಚ್ಚುತ್ತೇನೆಂದರೆ ರಾಜ್ಯ ನಡೆಯುವುದಿಲ್ಲ ಎನ್ನುತ್ತಾನೆ ಅವನು. ನಮ್ಮ ಸದಸ್ಯರು ಎರಡನ್ನೂ ನಡೆಸಿಬಿಟ್ಟರು, ಅರ್ಧ ಗಂಟೆಯ ಅಂತರದಲ್ಲಿ. ಹಾನ್ ಫೇ ಆ ಸಾವಿರ ರೂಪಾಯಿಯನ್ನೂ ಒಪ್ಪುತ್ತಿರಲಿಲ್ಲ. ಮಂತ್ರಿಯೊಬ್ಬ ಕೊಡುವಾಗ ದೊಡ್ಡ ಅಳತೆಯಲ್ಲಿ ಧಾನ್ಯ ಕೊಟ್ಟು ಜನರ ಪ್ರೀತಿ ಗಳಿಸಿ, ಕೊನೆಗೆ ದೊರೆಯನ್ನೇ ಮುಗಿಸಿದ ಕಥೆಯನ್ನು ಅವನು ಎಚ್ಚರಿಕೆಯಾಗಿ ಹೇಳುತ್ತಾನೆ. ಬಹುಮಾನದ ಹಿಡಿಕೆ ಖಾಸಗಿಯವರ ಕೈಗೆ ಹೋಗಬಾರದು. ಸರಿಯೇ. ಆದರೆ ಬಹುಮಾನ ಕೊಡಬೇಕಾದ ಸಂಘ ಕೊಡಲಿಲ್ಲವಲ್ಲ. ನಮ್ಮ ನಿಯಮಾವಳಿಯಲ್ಲಿ ಆ ಎರಡನೇ ಹಿಡಿಕೆಯೇ ಇರಲಿಲ್ಲ. ನಾನು ಒಂದೇ ಹಿಡಿಕೆಯ ಕೊಡಲಿ ಮಾಡಿಟ್ಟಿದ್ದೆ.

ಹಾನ್ ಫೇಗೆ ಹೋಲಿಸುವಂಥವನು ನಮ್ಮಲ್ಲಿ ಕೌಟಿಲ್ಯ. ಅವನನ್ನು ಮತ್ತೆ ಬೆಳಕಿಗೆ ತಂದದ್ದು ನಮ್ಮ ಮೈಸೂರೇ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿ ಕಟ್ಟಿನಲ್ಲಿ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿ, 1915ರಲ್ಲಿ ಇಂಗ್ಲಿಷ್ ಅನುವಾದ ತಂದರು. ಅನುಮಾನದಲ್ಲಿ ಕೌಟಿಲ್ಯ ಹಾನ್ ಫೇಗೆ ಕಡಿಮೆಯೇನಲ್ಲ. ಅಧಿಕಾರಿಗಳು ಬೊಕ್ಕಸ ನುಂಗುವ ನಲವತ್ತು ದಾರಿಗಳನ್ನು ಪಟ್ಟಿ ಮಾಡಿದ್ದಾನೆ. ಬ್ಯಾಂಕಿನ ವಿಜಿಲೆನ್ಸ್ ವಿಭಾಗದವರಿಗೆ ಅದರಲ್ಲಿ ಹೊಸದೇನೂ ಸಿಗಲಾರದು.

ಆದರೆ ನಾಲ್ಕನೇ ಅಧಿಕರಣದ ಕೊನೆಯಲ್ಲಿ ಒಂದು ಶ್ಲೋಕವಿದೆ, ಹಾನ್ ಫೇಯಲ್ಲಿ ಎಷ್ಟು ಹುಡುಕಿದರೂ ಅಂಥದ್ದು ನನಗೆ ಕಾಣಲಿಲ್ಲ. ಶಿಕ್ಷೆಗೆ ಅರ್ಹನಲ್ಲದವನನ್ನು ರಾಜ ಶಿಕ್ಷಿಸಿದರೆ, ಆ ದಂಡದ ಮೂವತ್ತು ಪಟ್ಟು ರಾಜನೇ ತೆರಬೇಕು. ವರುಣನ ಹೆಸರಿನಲ್ಲಿ ನೀರಿಗೆ ಹಾಕಿ, ಆಮೇಲೆ ಬ್ರಾಹ್ಮಣರಿಗೆ ಕೊಡಬೇಕು. ದಂಡ ತೆತ್ತವನಿಗೇ ಅದು ಯಾಕೆ ವಾಪಸು ಬರುವುದಿಲ್ಲ ಎಂಬ ಪ್ರಶ್ನೆ ನನಗೂ ಬಂತು, ಅದಕ್ಕೆ ಅಲ್ಲಿ ಉತ್ತರವಿಲ್ಲ. ಯಾವ ರಾಜನಾದರೂ ಕಟ್ಟಿದನೇ ಎಂದೂ ಕೇಳಬಹುದು. ಆದರೂ ದಂಡ ವಿಧಿಸುವವನಿಗೂ ಒಂದು ದಂಡ ಇದೆ ಎಂದು ಕಾಗದದ ಮೇಲೆ, ಅಲ್ಲ, ಗರಿಯ ಮೇಲೆ ಬರೆದಿಟ್ಟದ್ದಂತೂ ನಿಜ. ಹಾನ್ ಫೇಯ ದೊರೆ ತಪ್ಪು ಮಾಡಿದರೆ ರಾಜ್ಯ ಕಳೆದುಕೊಳ್ಳುತ್ತಾನೆ, ದಂಡ ಕಟ್ಟುವುದಿಲ್ಲ.

ಲೆಕ್ಕ ಹಾಕಿದೆ. 550ರ ಮೂವತ್ತು ಪಟ್ಟು 16,500. ಅವನ ಸರಿಯಾಗಿ ಒಂದು ತಿಂಗಳ ಸಂಬಳ.

ಮುಂದಿನ ಸಭೆಯಲ್ಲಿ ಎರಡು ವಿಷಯ ಇಟ್ಟೆ. ಹಿಡಿದ ಹಣ ವಾಪಸು ಕೊಡಬೇಕು, ಆರನೇ ನಿಯಮಕ್ಕೆ 'ಜೀವಾಪಾಯದ ಸಂದರ್ಭ ಹೊರತುಪಡಿಸಿ' ಎಂದು ಸೇರಿಸಬೇಕು. ಮೊದಲನೆಯದಕ್ಕೆ ಎಲ್ಲರೂ ಒಪ್ಪಿದರು. ಎರಡನೆಯದಕ್ಕೆ ನಿವೃತ್ತ ಇಂಜಿನಿಯರೊಬ್ಬರು ಕೇಳಿದರು: "ಸಾರ್, ನಾಳೆ ಇವನು ಟೀ ಕುಡಿಯೋಕೆ ಹೋಗಿ ಬಂದು ಅಜ್ಜಿ ಕೂಗಿದ ಹಾಗಾಯ್ತು ಅಂದರೆ? ಜೀವಾಪಾಯ ಹೌದೋ ಅಲ್ಲವೋ ಅಂತ ಗೇಟಿನಲ್ಲಿ ಕೂತು ತೀರ್ಮಾನ ಮಾಡೋರು ಯಾರು?" ಅವರು ಹಾನ್ ಫೇ ಓದಿಲ್ಲ, ಓದುವ ಅಗತ್ಯವೂ ಅವರಿಗಿಲ್ಲ. ಅವನೇ ತೀರ್ಮಾನ ಮಾಡಲಿ, ತಪ್ಪಾದರೆ ಆಮೇಲೆ ಕೂತು ವಿಚಾರಿಸೋಣ ಎಂದೆ. ವಿಚಾರಿಸುವುದಕ್ಕೆ ಯಾರಿಗೆ ಸಮಯವಿದೆ ಎಂದರು. ಅದೂ ನಿಜವೇ, ಆವತ್ತೂ ಅವನ ಒಂದು ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಸಮಯವಿರಲಿಲ್ಲ. ತಿದ್ದುಪಡಿ ಮುಂದಿನ ಸಭೆಗೆ ಹೋಯಿತು, ಇನ್ನೂ ಮುಂದಿನ ಸಭೆಯಲ್ಲೇ ಇದೆ.

ಹಣ ವಾಪಸು ಕೊಡಲು ಏಜೆನ್ಸಿಗೆ ಫೋನ್ ಮಾಡಿದರೆ, ಆ ಹುಡುಗ ಕೆಲಸ ಬಿಟ್ಟು ಊರಿಗೆ ಹೋದನೆಂದರು. 550 ರೂಪಾಯಿ ಒಂದು ಕವರಿನಲ್ಲಿ ನನ್ನ ಮೇಜಿನ ಖಾನೆಯಲ್ಲಿದೆ. ಸಂಘದ ಲೆಕ್ಕದಲ್ಲಿ ಅದನ್ನು ಯಾವ ಶೀರ್ಷಿಕೆಯಡಿ ತೋರಿಸುವುದೆಂದು ಆಡಿಟರ್ ಕೇಳುತ್ತಿದ್ದಾರೆ.

ಈಗಿನ ಕಾವಲುಗಾರ ಅಸ್ಸಾಂ ಕಡೆಯವನು, ನಿಯಮಕ್ಕೆ ತಪ್ಪುವವನಲ್ಲ. ಮೊನ್ನೆ ಮಳೆಯಲ್ಲಿ ಅದೇ ಅಜ್ಜಿ ವಾಕರ್ ಹಿಡಿದು ಆಟೋದಿಂದ ಇಳಿಯುವಾಗ ಕೈಯಲ್ಲಿದ್ದ ಚೀಲ ಹರಿದು ಟೊಮ್ಯಾಟೊ ಇಳಿಜಾರಿನಲ್ಲಿ ಉರುಳಿದವು. ನಾನು ಬಾಲ್ಕನಿಯಲ್ಲಿದ್ದೆ. ಅವನು ಗೇಟಿನ ಗೆರೆಯವರೆಗೆ ಬಂದು, ಗೆರೆ ದಾಟದೆ ನಿಂತು, ತಲೆಯೆತ್ತಿ ನನ್ನನ್ನು ಕೂಗಿದ: "ಸಾರ್, ಅಮ್ಮಂದು ಟೊಮ್ಯಾಟೊ ಬಿದ್ದಿದೆ, ಯಾರನ್ನಾದರೂ ಕಳಿಸಿ. ನಾನು ಗೇಟಲ್ಲೇ ಇದ್ದೀನಿ ಸಾರ್."